ಗರ್ಭಕಂಠದ ಕ್ಯಾನ್ಸರ್: ಅರಿವಿನ ಇತಿಹಾಸ ಮತ್ತು ತಾಯಂದಿರ ಋಣ



ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ರೋಗಗಳು ಕೆಲವು. ಹೇಳಿದರೆ ಮಾನ ಹೋದೀತು, ಹೇಳದಿದ್ದರೆ ಪ್ರಾಣ ಹೋದೀತು ಎಂಬಂಥವು ಇನ್ನು ಕೆಲವು. ಗರ್ಭಕೋಶವು ಯೋನಿಮಾರ್ಗವನ್ನು ಕೂಡುವ ಇಕ್ಕಟ್ಟಾದ ಭಾಗಕ್ಕೆ ಗರ್ಭಕಂಠ ಎಂದು ಹೆಸರು. ಅಲ್ಲಿ ಹುಟ್ಟುವ ಕ್ಯಾನ್ಸರು ಈ ಎರಡನೆಯ ಬಗೆಯದು. ನಮ್ಮ ಮನೆಗಳ ತಾಯಂದಿರು ಇದರ ಮೊದಲ ಲಕ್ಷಣಗಳನ್ನು ಗಂಡನಿಗೂ ಹೇಳದೆ, ಮಗಳಿಗೂ ಹೇಳದೆ ವರ್ಷಗಟ್ಟಲೆ ಸಹಿಸಿರುವುದುಂಟು. 2022ನೆಯ ವರ್ಷದ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದಲ್ಲಿ 1,27,000ಕ್ಕೂ ಹೆಚ್ಚು ಮಹಿಳೆಯರಿಗೆ ಈ ರೋಗ ಹೊಸದಾಗಿ ತಗಲಿತು. ಸುಮಾರು 80,000 ಮಂದಿ ಇದರಿಂದ ತೀರಿಕೊಂಡರು.

ಈ ಸಾವುಗಳಲ್ಲಿ ಬಹುಪಾಲು ತಡೆಯಬಹುದಾದವು ಎಂಬುದು ಇನ್ನಷ್ಟು ನೋವಿನ ಸಂಗತಿ. ಗರ್ಭಕಂಠದ ಕ್ಯಾನ್ಸರು ಒಂದೆರಡು ತಿಂಗಳಲ್ಲಿ ಬೆಳೆದು ಮುಗಿಸುವ ರೋಗವಲ್ಲ. ಅದರ ಪೂರ್ವರೂಪವು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಇರುತ್ತದೆ. ಆ ಅವಧಿಯಲ್ಲಿ ಅದನ್ನು ಕಂಡುಹಿಡಿದರೆ ಸಣ್ಣ ಚಿಕಿತ್ಸೆಯಿಂದಲೇ ಗುಣಪಡಿಸಬಹುದು. ಈ ಅರಿವು ವೈದ್ಯಶಾಸ್ತ್ರಕ್ಕೆ ಹೇಗೆ ಬಂದಿತು? ಯಾರಿಂದ ಬಂದಿತು? ಗ್ರಂಥಗಳಲ್ಲಿ ವಿಜ್ಞಾನಿಗಳ ಹೆಸರುಗಳಿವೆ. ಆದರೆ ಆ ಅರಿವಿಗೆ ತಮ್ಮ ಶರೀರವನ್ನೇ ಒಡ್ಡಿದ ಸ್ತ್ರೀಯರ ಹೆಸರುಗಳು ಬಹುಮಟ್ಟಿಗೆ ಎಲ್ಲಿಯೂ ಇಲ್ಲ. ಅವರಲ್ಲಿ ಕೆಲವರು ತಿಳಿದು ಒಪ್ಪಿದವರು. ಅನೇಕರನ್ನು ಯಾರೂ ಕೇಳಿಯೇ ಇರಲಿಲ್ಲ. ಈ ಕಥೆಯನ್ನು ಅವರ ಕಡೆಯಿಂದಲೂ ನೋಡುವುದು ಈ ಲೇಖನದ ಉದ್ದೇಶ.

ವೆರೋನಾದ ಮರಣಪಟ್ಟಿಗಳು

ಇಟಲಿಯ ವೆರೋನಾ ನಗರದಲ್ಲಿ ರಿಗೋನಿ-ಸ್ಟೆರ್ನ್ ಎಂಬ ವೈದ್ಯರಿದ್ದರು. ತಮ್ಮ ಊರಿನಲ್ಲಿ 1760ರಿಂದ 1839ರವರೆಗೆ ಸತ್ತವರ ದಾಖಲೆಗಳನ್ನು ಅವರು ತಾಳ್ಮೆಯಿಂದ ಎಣಿಸಿ, 1842ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತವರಲ್ಲಿ ಸಂಸಾರಸ್ಥ ಸ್ತ್ರೀಯರೂ ವಿಧವೆಯರೂ ಹೆಚ್ಚು, ಕ್ರೈಸ್ತ ಸಂನ್ಯಾಸಿನಿಯರು ಬಹಳ ಕಡಿಮೆ. ಸ್ತನದ ಕ್ಯಾನ್ಸರಿನ ವಿಷಯದಲ್ಲಾದರೋ ಲೆಕ್ಕ ತಿರುಗುಮುರುಗಾಗಿತ್ತು. ಒಂದು ರೋಗವು ಜೀವನಕ್ರಮಕ್ಕೆ ಅನುಗುಣವಾಗಿ ಬರುತ್ತದೆ ಎಂಬುದನ್ನು ಅಂಕಿಗಳ ಮೂಲಕ ತೋರಿಸಿದ ಆರಂಭದ ಪ್ರಯತ್ನಗಳಲ್ಲಿ ಇದು ಒಂದು.

ಗಂಡುಹೆಣ್ಣಿನ ಕೂಡುವಿಕೆಯಲ್ಲಿ ದಾಟುವ ಯಾವುದೋ ಒಂದು ಕಾರಣ ಈ ರೋಗಕ್ಕಿರಬೇಕೆಂದು ಅನಂತರದವರು ಇದರಿಂದ ಊಹಿಸಿದರು. ಆದರೆ ಆ ಕಾರಣ ಯಾವುದೆಂದು ತಿಳಿಯಲು 140 ವರ್ಷ ಬೇಕಾಯಿತು. ಈ ಮಧ್ಯೆ ಒಂದು ಅನ್ಯಾಯವೂ ನಡೆಯಿತು. ರೋಗದ ಕಾರಣವನ್ನು ಹುಡುಕುವ ಬದಲು ರೋಗಿಯ ನಡತೆಯನ್ನು ಶಂಕಿಸುವ ರೂಢಿ ಬೆಳೆಯಿತು. ಅದರ ನೆರಳು ಇಂದಿಗೂ ನಮ್ಮ ಮನೆಗಳ ಮೇಲಿದೆ. ಹೆಂಗಸರು ಪರೀಕ್ಷೆಗೆ ಹೋಗಲು ಹಿಂಜರಿಯುವುದಕ್ಕೆ ಅದೂ ಒಂದು ಕಾರಣ.

ಪಾಪನಿಕೊಲಾವ್ ದಂಪತಿಗಳು

ಗ್ರೀಸ್ ದೇಶದಲ್ಲಿ 1883ರಲ್ಲಿ ಹುಟ್ಟಿದ ಜಾರ್ಜ್ ಪಾಪನಿಕೊಲಾವ್ 1913ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಶಾಲೆಯಲ್ಲಿ ಗಿನಿಯಿಲಿಗಳ ಸಂತಾನೋತ್ಪತ್ತಿಯನ್ನು ಅಭ್ಯಸಿಸುತ್ತಿದ್ದರು. ಆ ಪ್ರಾಣಿಗಳ ಯೋನಿಸ್ರಾವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ಬದಲಾವಣೆಗಳನ್ನು ತಿಳಿಯಬಹುದೆಂದು ಅವರು ಕಂಡುಕೊಂಡರು. ಮನುಷ್ಯರಲ್ಲಿಯೂ ಹೀಗೆಯೇ ಆಗುವುದೇ ಎಂಬ ಪ್ರಶ್ನೆ ಬಂದಾಗ ಮುಂದೆ ಬಂದವರು ಅವರ ಪತ್ನಿ ಆಂಡ್ರೊಮಾಖೆ. ಪತಿಯ ಪ್ರಯೋಗಶಾಲೆಯಲ್ಲಿಯೇ ಕೆಲಸ ಮಾಡುತ್ತಿದ್ದ ಆಕೆ ಅನೇಕ ವರ್ಷಗಳ ಕಾಲ ತಮ್ಮ ಮೇಲೆಯೇ ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿಕೊಂಡರು. ತಿಳಿದು ಒಪ್ಪಿ ಕೊಟ್ಟ ಸಹಾಯಕ್ಕೆ ಆಕೆ ಒಂದು ಉತ್ತಮ ನಿದರ್ಶನ.

ಕ್ಯಾನ್ಸರಿನ ಜೀವಕೋಶಗಳೂ ಈ ಲೇಪದಲ್ಲಿ ಕಾಣುತ್ತವೆಂದು ಪಾಪನಿಕೊಲಾವ್ 1928ರಲ್ಲಿ ಒಂದು ಸಮ್ಮೇಳನದಲ್ಲಿ ತಿಳಿಸಿದಾಗ ವೈದ್ಯಲೋಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸುಮಾರು ಅದೇ ಕಾಲದಲ್ಲಿ ರುಮೇನಿಯಾದ ಔರೆಲ್ ಬಾಬೆಷ್ ಎಂಬವರೂ ಸ್ವತಂತ್ರವಾಗಿ ಇಂಥದೇ ವಿಧಾನವನ್ನು ಕಂಡುಕೊಂಡಿದ್ದರು. ಸ್ತ್ರೀರೋಗತಜ್ಞ ಹರ್ಬರ್ಟ್ ಟ್ರಾಟ್ ಅವರೊಡನೆ ಪಾಪನಿಕೊಲಾವ್ 1941ರಲ್ಲಿ ಲೇಖನವನ್ನೂ 1943ರಲ್ಲಿ ಗ್ರಂಥವನ್ನೂ ಪ್ರಕಟಿಸಿದ ಬಳಿಕವೇ ಈ ಪರೀಕ್ಷೆಗೆ ಮನ್ನಣೆ ದೊರೆಯಿತು. ಇಂದು ‘ಪ್ಯಾಪ್ ಪರೀಕ್ಷೆ’ ಎಂದು ಕರೆಯುವುದು ಇದನ್ನೇ. ಫಿನ್ಲೆಂಡಿನಂಥ ದೇಶಗಳು 1960ರ ದಶಕದಿಂದ ಪ್ರತಿಯೊಬ್ಬ ಮಹಿಳೆಯನ್ನೂ ಕರೆದು ಈ ಪರೀಕ್ಷೆ ಮಾಡಿದವು. ಅಲ್ಲಿ ಈ ರೋಗದ ಸಾವು ಕಾಲಕ್ರಮದಲ್ಲಿ ಐದರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯಿತು.

ಕೇಳದೆ ತೆಗೆದುಕೊಂಡದ್ದು

ಇನ್ನೊಬ್ಬ ಸ್ತ್ರೀಯ ಕಥೆ ಇದಕ್ಕೆ ತೀರ ಭಿನ್ನವಾದದ್ದು. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆ ಐದು ಮಕ್ಕಳ ತಾಯಿ, ತಂಬಾಕು ಬೆಳೆಯುತ್ತಿದ್ದ ಕಪ್ಪು ಜನರ ಕುಟುಂಬದವಳು. 1951ರ ಆರಂಭದಲ್ಲಿ ರಕ್ತಸ್ರಾವದ ತೊಂದರೆಯಿಂದ ಆಕೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಅಲ್ಲಿ ಕರಿಯರಿಗೆ ಬೇರೆಯೇ ವಾರ್ಡುಗಳಿದ್ದ ಕಾಲವದು. ಗರ್ಭಕಂಠದ ಕ್ಯಾನ್ಸರಿಗೆ ರೇಡಿಯಂ ಚಿಕಿತ್ಸೆ ಕೊಡುವಾಗ ಗಂತಿಯ ಒಂದು ಚೂರನ್ನು ಆಕೆಗೆ ತಿಳಿಸದೆ ತೆಗೆದು ಜಾರ್ಜ್ ಗೈ ಎಂಬ ಸಂಶೋಧಕರಿಗೆ ಕಳುಹಿಸಲಾಯಿತು. ಅದುವರೆಗೆ ಪ್ರಯೋಗಶಾಲೆಯಲ್ಲಿ ಮನುಷ್ಯನ ಜೀವಕೋಶಗಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಆಕೆಯ ಜೀವಕೋಶಗಳು ಮಾತ್ರ ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಬೆಳೆಯುತ್ತಲೇ ಹೋದವು. ಆಕೆಯ ಹೆಸರಿನ ಮೊದಲ ಅಕ್ಷರಗಳಿಂದ ಅವುಗಳನ್ನು ‘ಹೀಲಾ’ ಎಂದು ಕರೆದರು.

ಆಕೆ ಅದೇ ವರ್ಷ ಅಕ್ಟೋಬರ್ 4ರಂದು ತನ್ನ 31ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಜೀವಕೋಶಗಳು ಉಳಿದು ಜಗತ್ತಿನ ಪ್ರಯೋಗಶಾಲೆಗಳಿಗೆಲ್ಲ ಹರಡಿದವು. ಪೋಲಿಯೋ ಲಸಿಕೆಯನ್ನು ಪರೀಕ್ಷಿಸಲು ಅವು ನೆರವಾದವು. ಆಕೆಯ ಮನೆಯವರಿಗೆ ಈ ವಿಷಯ ಇಪ್ಪತ್ತು ವರ್ಷಗಳಿಗೂ ಮೀರಿ ತಿಳಿದಿರಲಿಲ್ಲ. ಆ ಜೀವಕೋಶಗಳಿಂದ ವ್ಯಾಪಾರ ನಡೆದಿತ್ತು, ಆಕೆಯ ವಂಶಸ್ಥರು ಬಡತನದಲ್ಲಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆಕೆಯನ್ನು ಮರಣೋತ್ತರವಾಗಿ ಗೌರವಿಸಿತು. 2023ರಲ್ಲಿ ಒಂದು ದೊಡ್ಡ ಕಂಪನಿ ಆಕೆಯ ಕುಟುಂಬದೊಡನೆ ರಾಜಿ ಮಾಡಿಕೊಂಡಿತು.

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಎಂಬ ವಿಜ್ಞಾನಿ 1970ರ ದಶಕದಲ್ಲಿ, ಗರ್ಭಕಂಠದ ಕ್ಯಾನ್ಸರಿಗೆ ನರೂಲಿಯನ್ನುಂಟುಮಾಡುವ ಜಾತಿಯ ವೈರಸ್ಸು ಕಾರಣವಿರಬೇಕೆಂದು ವಾದಿಸಿದರು. ಅಂದಿನ ಬಹುಜನ ತಜ್ಞರು ಹರ್ಪಿಸ್ ಎಂಬ ಬೇರೆ ವೈರಸ್ಸಿನ ಬೆನ್ನುಹತ್ತಿದ್ದರು. ಟ್ಸುರ್ ಹೌಸೆನ್ ಅವರ ತಂಡ 1983ರಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16ನೆಯ ಬಗೆಯನ್ನೂ ಮರುವರ್ಷ 18ನೆಯ ಬಗೆಯನ್ನೂ ಕ್ಯಾನ್ಸರ್ ಗಂತಿಗಳಲ್ಲಿ ಪತ್ತೆ ಮಾಡಿತು. ಹೆನ್ರಿಯೆಟ್ಟಾ ಲ್ಯಾಕ್ಸಳ ಜೀವಕೋಶಗಳಲ್ಲಿಯೂ 18ನೆಯ ಬಗೆಯೇ ಇತ್ತು! ಈ ಎರಡು ಬಗೆಗಳು ಒಟ್ಟು ರೋಗಿಗಳಲ್ಲಿ ಸುಮಾರು ನೂರಕ್ಕೆ 70 ಮಂದಿಯ ಕಾಯಿಲೆಗೆ ಕಾರಣವೆಂದು ಬಳಿಕ ಸ್ಥಿರಪಟ್ಟಿತು. ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ವೆರೋನಾದ ಒಗಟು ಹೀಗೆ ಬಿಡಿಸಿತು. ವಾಚಕರು ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈ ವೈರಸ್ಸು ಅತಿ ಸಾಮಾನ್ಯವಾದದ್ದು. ಸಂಸಾರಸ್ಥರಾದ ಬಹುಪಾಲು ಸ್ತ್ರೀಪುರುಷರಿಗೆ ಅದು ಜೀವನದಲ್ಲಿ ಒಮ್ಮೆಯಾದರೂ ಸೋಂಕಿ, ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು, ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನು ಕೆಡಿಸಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಆದುದರಿಂದ ಈ ರೋಗ ಬಂದ ತಾಯಿಯ ಶೀಲವನ್ನು ಶಂಕಿಸುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಆಕ್ಲೆಂಡ್ ಮತ್ತು ದೆಹಲಿ

ಪೂರ್ವರೂಪವನ್ನು ಕಂಡೊಡನೆ ಚಿಕಿತ್ಸೆ ಕೊಡಬೇಕೆಂಬುದು ಇಂದು ನಮಗೆ ಸಹಜವೆನಿಸುತ್ತದೆ. ಆದರೆ ಒಂದು ಕಾಲದಲ್ಲಿ ಇದರ ಬಗ್ಗೆಯೇ ಸಂಶಯವಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ರಾಷ್ಟ್ರೀಯ ಮಹಿಳಾ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ಪ್ರಾಧ್ಯಾಪಕರಿದ್ದರು. ಪೂರ್ವರೂಪವು ಕ್ಯಾನ್ಸರಾಗಿ ಮುಂದುವರಿಯುವುದಿಲ್ಲವೆಂಬುದು ಅವರ ನಂಬಿಕೆ. ಇದನ್ನು ಸಾಧಿಸಲು 1966ರಿಂದ ಅವರು ಅನೇಕ ಮಹಿಳೆಯರಿಗೆ ಪೂರ್ಣ ಚಿಕಿತ್ಸೆ ಕೊಡದೆ ಕೇವಲ ಗಮನಿಸುತ್ತ ಹೋದರು. ತಾವು ಒಂದು ಪ್ರಯೋಗದಲ್ಲಿದ್ದೇವೆಂಬುದೇ ಆ ಮಹಿಳೆಯರಿಗೆ ತಿಳಿದಿರಲಿಲ್ಲ.

ಅದೇ ಆಸ್ಪತ್ರೆಯ ಕೆಲವು ವೈದ್ಯರು ಎಚ್ಚರಿಸಿದರೂ ಫಲವಾಗಲಿಲ್ಲ. ಕಡೆಗೆ ಅವರು 1984ರಲ್ಲಿ ಅಂಕಿ ಅಂಶಗಳನ್ನು ಪ್ರಕಟಿಸಿದರು. 1987ರಲ್ಲಿ ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಎಂಬ ಇಬ್ಬರು ಲೇಖಕಿಯರು ಒಂದು ಮಾಸಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು. ಸಿಲ್ವಿಯಾ ಕಾರ್ಟ್‌ರೈಟ್ ಎಂಬ ನ್ಯಾಯಾಧೀಶೆಯ ವಿಚಾರಣಾ ವರದಿ 1988ರಲ್ಲಿ ಹೊರಬಂದಿತು. ಆ ದೇಶದಲ್ಲಿ ರೋಗಿಗಳ ಹಕ್ಕುಗಳಿಗೆ ಕಾನೂನಿನ ಬಲ ಬಂದದ್ದು ಈ ವರದಿಯ ಫಲವಾಗಿ. ಆ ಮಹಿಳೆಯರ ದಾಖಲೆಗಳನ್ನು 2008ರಲ್ಲಿ ಮತ್ತೊಮ್ಮೆ ಪರಿಶೀಲಿಸಿದಾಗ ಕಂಡದ್ದಿಷ್ಟು: ಸರಿಯಾದ ಚಿಕಿತ್ಸೆ ದೊರೆಯದವರಲ್ಲಿ 30 ವರ್ಷಗಳೊಳಗೆ ನೂರಕ್ಕೆ 31 ಮಂದಿಗೆ ಕ್ಯಾನ್ಸರು ಬಂದಿತ್ತು, ಸರಿಯಾದ ಚಿಕಿತ್ಸೆ ದೊರೆತವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಪೂರ್ವರೂಪವನ್ನು ಬಿಟ್ಟರೆ ಏನಾಗುತ್ತದೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ವೈದ್ಯಶಾಸ್ತ್ರದಲ್ಲಿಲ್ಲ. ಆದರೆ ಎಂಥ ಬೆಲೆ ತೆತ್ತು!

ದೂರದ ದೇಶದ ಮಾತು ಇದೆಂದು ನಾವು ಸಮಾಧಾನ ಪಡುವಂತಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1976ರಿಂದ 1988ರವರೆಗೆ, ದೆಹಲಿಯ ಸರಕಾರಿ ಆಸ್ಪತ್ರೆಗಳಿಗೆ ಬಂದ 1,100ಕ್ಕೂ ಹೆಚ್ಚು ಮಹಿಳೆಯರನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಒಂದು ಅಧ್ಯಯನದಲ್ಲಿ ಇದೇ ರೀತಿ ಗಮನಿಸಲಾಯಿತು. ಅವರಿಂದ ಲಿಖಿತ ಒಪ್ಪಿಗೆ ಪಡೆದಿರಲಿಲ್ಲ. ಕೆಲವರಲ್ಲಿ ರೋಗವು ಕ್ಯಾನ್ಸರಿನ ಹಂತಕ್ಕೆ ಮುಟ್ಟಿತು. 1997ರಲ್ಲಿ ಈ ವಿಷಯ ಪತ್ರಿಕೆಗಳಿಗೆ ಬಂದು ದೊಡ್ಡ ಚರ್ಚೆ ನಡೆಯಿತು. ಮೌಖಿಕ ಒಪ್ಪಿಗೆ ಇತ್ತು, ಪೂರ್ವರೂಪದ ಗತಿ ಆಗ ಖಚಿತವಾಗಿ ತಿಳಿದಿರಲಿಲ್ಲ ಎಂಬುದು ಸಂಶೋಧಕರ ಸಮರ್ಥನೆ. ಅದೇ ಪರಿಷತ್ತು 2000ನೆಯ ಇಸವಿಯಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ವಿವರವಾದ ನೈತಿಕ ನಿಯಮಾವಳಿಯನ್ನು ಹೊರತಂದಿತು. ಆ ನಿಯಮಾವಳಿಯ ಹೆಸರಿನಲ್ಲಿ ಜನರನ್ನು ‘ಪ್ರಯೋಗವಸ್ತು’ ಎಂಬರ್ಥದ ಪದದಿಂದ ಕರೆದಿತ್ತು; 2006ರ ಪರಿಷ್ಕರಣದಲ್ಲಿ ಆ ಪದದ ಬದಲು ‘ಭಾಗಿಗಳು’ ಎಂಬರ್ಥದ ಪದ ಬಂದಿತು. ಪದ ಬದಲಾಗಲು 6 ವರ್ಷ ಹಿಡಿದವು.

ನಮ್ಮ ಗಡಿಯಾಚೆಯ ಹಳ್ಳಿಗಳಲ್ಲಿ

ಈಗ ನಮ್ಮ ನೆರೆಗೆ ಬರೋಣ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. 1982ರಿಂದ ಅಲ್ಲಿ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಯುತ್ತ ಬಂದಿದೆ. ಆ ದಶಕದಲ್ಲಿ ಬೆಂಗಳೂರಿನ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರಿಗೇ ಮೊದಲ ಸ್ಥಾನವಿತ್ತು. ಅನಂತರವೇ ಸ್ತನದ ಕ್ಯಾನ್ಸರು ಮುಂದೆ ಬಂದಿತು. ನಗರದ ಸ್ಥಿತಿ ಹೀಗಿದ್ದರೆ ಹಳ್ಳಿಗಳ ಸ್ಥಿತಿ ಏನು? ಇದನ್ನು ಅಳೆಯುವ ಭಾರತದ ಮೊದಲ ಗ್ರಾಮೀಣ ನೋಂದಣಿ 1987ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ, ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯ ಆಶ್ರಯದಲ್ಲಿ ಆರಂಭವಾಯಿತು. ಅದರ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ಲಕ್ಷಣಗಳನ್ನು ತಿಳಿಹೇಳಿ, ಅಂಥವರನ್ನು ಆಸ್ಪತ್ರೆಗೆ ಕರೆತರುತ್ತಿದ್ದರು. ಕೆಲವೇ ವರ್ಷಗಳಲ್ಲಿ ಆರಂಭದ ಹಂತದಲ್ಲಿಯೇ ಬರುವ ರೋಗಿಗಳ ಪ್ರಮಾಣ ಹೆಚ್ಚಿತು. ಮಾತಾಡಿದ್ದರಿಂದಲೇ ಇಷ್ಟು ಫಲ ದೊರೆಯಿತೆಂಬುದು ಗಮನಾರ್ಹ.

ಪ್ಯಾಪ್ ಪರೀಕ್ಷೆಗೆ ಪ್ರಯೋಗಶಾಲೆ ಬೇಕು, ಸೂಕ್ಷ್ಮದರ್ಶಕ ನೋಡಬಲ್ಲ ತಜ್ಞರು ಬೇಕು, ಅದನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ಮಾಡಬೇಕು. ನಮ್ಮ ಹಳ್ಳಿಗಳಿಗೆ ತಕ್ಕ ಪರೀಕ್ಷೆ ಯಾವುದು ಎಂಬ ಪ್ರಶ್ನೆಯನ್ನು ಹಿಡಿದು ನಮ್ಮ ದೇಶದಲ್ಲಿಯೇ ಮೂರು ದೊಡ್ಡ ಅಧ್ಯಯನಗಳು ನಡೆದವು. ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಯಿತು. ಹತ್ತನೆಯ ತರಗತಿ ಓದಿದ ಸ್ಥಳೀಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಗರ್ಭಕಂಠಕ್ಕೆ ತಿಳಿಯಾದ ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರ್‌ನ ಅಂಶವನ್ನು, ಸವರಿ ಒಂದು ನಿಮಿಷದ ನಂತರ ಬಿಳಿ ಮಚ್ಚೆ ಮೂಡುವುದೇ ಎಂದು ನೋಡುವುದನ್ನು ಕಲಿಸಲಾಯಿತು. ಹನ್ನೆರಡು ವರ್ಷಗಳಲ್ಲಿ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ದಾದಿಯರು ಇದೇ ಪರೀಕ್ಷೆ ಮಾಡಿ, ಅಗತ್ಯವಿದ್ದವರಿಗೆ ಶೈತ್ಯ ಚಿಕಿತ್ಸೆಯನ್ನೂ ಕೊಟ್ಟರು. ಅಲ್ಲಿ ಸಾವು ನೂರಕ್ಕೆ 35ರಷ್ಟು ಇಳಿಯಿತೆಂದು 2007ರಲ್ಲಿ ಪ್ರಕಟವಾಯಿತು.

ಮೂರನೆಯ ಅಧ್ಯಯನ ನಡೆದದ್ದು ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಇಂದು ಅದಕ್ಕೆ ಧಾರಾಶಿವ ಎಂಬ ಹೆಸರಿದೆ. ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಹೋಗುವ ನಮ್ಮವರಿಗೆ ಆ ಸೀಮೆ ಹೊಸದಲ್ಲ. ಅದು ಬೀದರ ಮತ್ತು ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡದ್ದು. 1956ರವರೆಗೆ ಇವೆಲ್ಲ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಾರ್ಶಿಯ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಹಾಗೂ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಜೊತೆಗೂಡಿ 1999ರಲ್ಲಿ ಈ ಕಾರ್ಯವನ್ನು ಕೈಗೊಂಡವು. ಹಳ್ಳಿಗಳ 52 ಗುಂಪುಗಳಿಂದ 30ರಿಂದ 59 ವರ್ಷ ವಯಸ್ಸಿನ 1,31,746 ಮಹಿಳೆಯರು ಲೆಕ್ಕಕ್ಕೆ ಬಂದರು. ಒಂದು ಪಾಲಿನ ಹಳ್ಳಿಗಳಲ್ಲಿ ವೈರಸ್ಸನ್ನು ಪತ್ತೆ ಮಾಡುವ ಪರೀಕ್ಷೆ, ಎರಡನೆಯದರಲ್ಲಿ ಪ್ಯಾಪ್ ಪರೀಕ್ಷೆ, ಮೂರನೆಯದರಲ್ಲಿ ಅಸಿಟಿಕ್ ಆಮ್ಲದ ಪರೀಕ್ಷೆ. ಎಲ್ಲವೂ ಒಂದೇ ಸಲ. ನಾಲ್ಕನೆಯ ಪಾಲಿನ ಹಳ್ಳಿಗಳಲ್ಲಿ ಯಾವ ಪರೀಕ್ಷೆಯೂ ಇಲ್ಲ, ರೋಗದ ಬಗ್ಗೆ ತಿಳಿವಳಿಕೆ ಮಾತ್ರ.

ಪರೀಕ್ಷೆಗೆ ಕರೆದ ಪ್ರತಿ ಐವರಲ್ಲಿ ಸುಮಾರು ನಾಲ್ವರು ಬಂದರು. ಹೊಲದ ಕೆಲಸ ಬಿಟ್ಟು, ಸಂಕೋಚ ಬಿಟ್ಟು ಬಂದ ಆ ತಾಯಂದಿರಿಂದಲೇ ಜಗತ್ತಿಗೆ ಒಂದು ಹೊಸ ಸತ್ಯ ತಿಳಿಯಿತು. ಎಂಟು ವರ್ಷಗಳ ಕೊನೆಯಲ್ಲಿ, ಹೆಚ್ಚುಕಡಿಮೆ ಸಮಸಂಖ್ಯೆಯ ಗುಂಪುಗಳಲ್ಲಿ, ಪರೀಕ್ಷೆಯೇ ಇಲ್ಲದ ಹಳ್ಳಿಗಳಲ್ಲಿ 64 ಮಂದಿ ಈ ರೋಗದಿಂದ ಸತ್ತಿದ್ದರು. ವೈರಸ್ ಪರೀಕ್ಷೆ ನಡೆದ ಹಳ್ಳಿಗಳಲ್ಲಿ 34 ಮಂದಿ. ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆಯಿಂದ ಸಾವು ಅರ್ಧದಷ್ಟು ತಗ್ಗಿತು. ಉಳಿದೆರಡು ಪರೀಕ್ಷೆಗಳಿಂದ ಅಲ್ಲಿ ಅಷ್ಟು ಸ್ಪಷ್ಟವಾದ ಫಲ ಕಾಣಲಿಲ್ಲ. 2009ರ ಏಪ್ರಿಲ್‌ನಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಅನೇಕ ದೇಶಗಳ ವೈದ್ಯರು ತಮ್ಮ ಕ್ರಮವನ್ನೇ ಮರುಯೋಚಿಸಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯೂ 30ನೆಯ ವಯಸ್ಸಿನಿಂದ ವೈರಸ್ ಪರೀಕ್ಷೆಯನ್ನೇ ಮೊದಲು ಮಾಡುವಂತೆ ಸಲಹೆ ಕೊಡುತ್ತದೆ.

ಆ 64 ಮಂದಿಯನ್ನು ಮರೆತು ಮುಂದೆ ಹೋಗುವುದು ಧರ್ಮವಲ್ಲ. ಪ್ಯಾಪ್ ಪರೀಕ್ಷೆಯ ಉಪಯೋಗ ಜಗತ್ತಿಗೆ ದಶಕಗಳಿಂದ ತಿಳಿದಿರುವಾಗ, ಕೆಲವು ಹಳ್ಳಿಗಳಿಗೆ ಯಾವ ಪರೀಕ್ಷೆಯನ್ನೂ ಕೊಡದೆ ಸಾವನ್ನು ಎಣಿಸಿದ್ದು ಸರಿಯೇ ಎಂದು ಈ ಮೂರು ಅಧ್ಯಯನಗಳ ಬಗೆಗೂ ವಿಮರ್ಶಕರು ಕೇಳಿದ್ದಾರೆ. ಭಾರತದ ಹಳ್ಳಿಗಳಲ್ಲಿ ಆಗ ಇದ್ದ ವ್ಯವಸ್ಥೆಯೇ ‘ಪರೀಕ್ಷೆ ಇಲ್ಲ’ ಎಂಬುದಾಗಿತ್ತು, ಹೋಲಿಕೆ ಇಲ್ಲದೆ ಸರಕಾರಗಳು ನಂಬುತ್ತಿರಲಿಲ್ಲ ಎಂದು ಸಂಶೋಧಕರು ಉತ್ತರಿಸಿದ್ದಾರೆ. ಎರಡು ಮಾತುಗಳಲ್ಲಿಯೂ ಹುರುಳಿದೆ. ಆದರೆ ಎರಡನೆಯ ಮಾತು ನಿಲ್ಲಬೇಕಾದರೆ ಒಂದು ಷರತ್ತಿದೆ. ಫಲಿತಾಂಶ ಬಂದ ಮೇಲೆ ಆ ಪರೀಕ್ಷೆ ಎಲ್ಲ ಹಳ್ಳಿಗಳಿಗೂ ತಲುಪಬೇಕು. ತಲುಪದಿದ್ದರೆ ಆ ಸಾವುಗಳನ್ನು ನಾವು ಸುಮ್ಮನೆ ಎಣಿಸಿದಂತಾಯಿತು.

ಲಸಿಕೆ ಮತ್ತು ನಿಲಯಪಾಲಕರ ಸಹಿ

ವೈರಸ್ಸು ತಿಳಿದ ಮೇಲೆ ಲಸಿಕೆಯೂ ಬಂದಿತು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ ಅವರು 1991ರಲ್ಲಿ ವೈರಸ್ಸಿನ ಹೊರಕವಚವನ್ನು ಮಾತ್ರ ಪ್ರಯೋಗಶಾಲೆಯಲ್ಲಿ ರೂಪಿಸಿದರು. ಒಳಗೆ ರೋಗದ ಬೀಜವಿಲ್ಲದ ಆ ಕವಚವೇ ಲಸಿಕೆಯ ತಿರುಳು. 2006ರಲ್ಲಿ ಅದು ಬಳಕೆಗೆ ಬಂದಿತು.

ನಮ್ಮ ದೇಶದಲ್ಲಿ 2009ರಲ್ಲಿ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಈ ಲಸಿಕೆಯನ್ನು ಪ್ರಾಯೋಗಿಕವಾಗಿ ಹಾಕಲಾಯಿತು. ಕೆಲವು ಬಾಲಕಿಯರು ತೀರಿಕೊಂಡ ಸುದ್ದಿ ಬಂದು, 2010ರ ಏಪ್ರಿಲ್‌ನಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಸಿದ್ಧವಾಗಲಿಲ್ಲ. ಆದರೆ ಒಪ್ಪಿಗೆಯ ವಿಷಯದಲ್ಲಿ ಗಂಭೀರ ಲೋಪಗಳು ಕಂಡುಬಂದವು. ಆಶ್ರಮಶಾಲೆಗಳಲ್ಲಿದ್ದ ಅನೇಕ ಬುಡಕಟ್ಟು ಬಾಲಕಿಯರ ಪರವಾಗಿ ತಂದೆತಾಯಿಗಳ ಬದಲು ಮುಖ್ಯೋಪಾಧ್ಯಾಯರೂ ನಿಲಯಪಾಲಕರೂ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯೀ ಸಮಿತಿ 2013ರಲ್ಲಿ ಇದನ್ನು ತೀವ್ರವಾಗಿ ಖಂಡಿಸಿತು.

ಪ್ರಸಾದನಿಲಯಗಳಲ್ಲಿ ಓದಿದವರೂ, ಈಗ ಅಂಥವನ್ನು ನಡೆಸುತ್ತಿರುವವರೂ ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದಾರೆ. ಅವರು ಈ ಪ್ರಸಂಗವನ್ನು ಎರಡು ಸಲ ಓದಬೇಕೆಂದು ನನ್ನ ವಿನಂತಿ. ನಮ್ಮನ್ನು ನಂಬಿ ಮಕ್ಕಳನ್ನು ಬಿಟ್ಟುಹೋದ ತಂದೆತಾಯಿಗಳು ಅನ್ನ ಅಕ್ಷರಗಳ ಹೊಣೆಯನ್ನು ನಮಗೆ ಕೊಟ್ಟಿರುತ್ತಾರೆ. ಮಗುವಿನ ಶರೀರದ ಬಗೆಗಿನ ನಿರ್ಧಾರವನ್ನು ಕೊಟ್ಟಿರುವುದಿಲ್ಲ. ಒಳ್ಳೆಯ ಉದ್ದೇಶದ ಔಷಧವಾದರೂ ಅವರನ್ನು ಕರೆಸಿ, ಅವರ ಭಾಷೆಯಲ್ಲಿ ತಿಳಿಸಿ, ಅವರ ಸಹಿಯನ್ನೇ ಪಡೆಯಬೇಕು. ಹಾಗೆ ಮಾಡದೆ ಅವಸರಪಟ್ಟದ್ದರ ಪರಿಣಾಮವಾಗಿ ಲಸಿಕೆಯ ಮೇಲಿನ ನಂಬಿಕೆಗೇ ನಮ್ಮ ದೇಶದಲ್ಲಿ ದೊಡ್ಡ ಪೆಟ್ಟು ಬಿದ್ದಿತು.

ಇದರ ನಡುವೆ ಒಂದು ಅನಿರೀಕ್ಷಿತ ಲಾಭವೂ ಆಯಿತು. ಬಾರ್ಶಿಯೂ ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ ಆಗ ಇನ್ನೊಂದು ಅಧ್ಯಯನ ನಡೆಯುತ್ತಿತ್ತು. ಲಸಿಕೆಯನ್ನು ಮೂರು ಸಲ ಕೊಡಬೇಕೇ, ಎರಡು ಸಲ ಸಾಕೇ ಎಂಬುದು ಅದರ ಪ್ರಶ್ನೆ. ಸರಕಾರದ ಆಜ್ಞೆಯಿಂದ ಅದೂ ನಡುವೆಯೇ ನಿಂತಿತು. ಲಸಿಕೆ ಪಡೆದಿದ್ದ 17,729 ಹುಡುಗಿಯರಲ್ಲಿ 4,950 ಮಂದಿಗೆ ಒಂದೇ ಸಲ ಲಸಿಕೆ ದೊರೆತಂತಾಯಿತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷವರ್ಷವೂ ಭೇಟಿಯಾದರು. ಹತ್ತು ವರ್ಷಗಳ ಬಳಿಕ, 2021ರಲ್ಲಿ, ಒಂದು ಸಲದ ಲಸಿಕೆಯೂ ಮೂರು ಸಲದಷ್ಟೇ ರಕ್ಷಣೆ ಕೊಡುತ್ತದೆಂದು ಪ್ರಕಟವಾಯಿತು. ಇಂಥ ಆಧಾರಗಳಿಂದ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದೇ ಸಲದ ಕ್ರಮಕ್ಕೂ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಪುಣೆಯಲ್ಲಿ ತಯಾರಾದ ದೇಶೀಯ ಲಸಿಕೆಗೂ ಅನುಮತಿ ದೊರೆಯಿತು.

ತೀರಿಸಬೇಕಾದ ಋಣ

ವಾಚಕರೇ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದು ಅಂಕಿಯನ್ನು ತಮ್ಮ ಮುಂದಿಡುತ್ತೇನೆ. ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕಂಠದ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ 1.9. ಎಂದರೆ ನೂರರಲ್ಲಿ ಇಬ್ಬರೂ ಪೂರ್ತಿ ಇಲ್ಲ. ಒಂದೇ ಪರೀಕ್ಷೆ ಸಾವನ್ನು ಅರ್ಧಕ್ಕೆ ಇಳಿಸಬಲ್ಲದೆಂದು ತೋರಿಸಿಕೊಟ್ಟ ದೇಶದ ಸ್ಥಿತಿ ಇದು. ಜಗತ್ತಿಗೆ ದೀಪ ಹಚ್ಚಿ ಕೊಟ್ಟು ನಮ್ಮ ಮನೆಯನ್ನು ಕತ್ತಲಲ್ಲಿಟ್ಟ ಹಾಗಾಗಿದೆ.

ಇದನ್ನು ಸರಕಾರವೊಂದೇ ಸರಿಪಡಿಸಲಾರದು. ಜಾತ್ರೆ, ಪುರಾಣ, ಪ್ರವಚನಗಳಿಗೆ ಊರ ತಾಯಂದಿರೆಲ್ಲ ಸೇರುತ್ತಾರೆ. ಅಲ್ಲಿಯೇ ಒಂದು ಬದಿಗೆ ಮರೆಯಾದ ಕೋಣೆ, ಒಬ್ಬ ವೈದ್ಯೆ, ಒಬ್ಬ ದಾದಿ ಇದ್ದರೆ ಪರೀಕ್ಷೆ ನಡೆಯುತ್ತದೆ. ಪರೀಕ್ಷೆಯಲ್ಲಿ ಏನಾದರೂ ಕಂಡರೆ ಮುಂದಿನ ಚಿಕಿತ್ಸೆಗೆ ಯಾವ ಆಸ್ಪತ್ರೆಗೆ ಕಳುಹಿಸಬೇಕೆಂಬುದೂ ಮೊದಲೇ ಗೊತ್ತಿರಬೇಕು. ಇಲ್ಲವಾದರೆ ಅದು ಮತ್ತೊಂದು ಎಣಿಕೆಯಷ್ಟೇ ಆದೀತು. ಮಠದ ಶಾಲೆಗಳಲ್ಲಿ ಓದಿ ವೈದ್ಯರಾದವರು ವರ್ಷಕ್ಕೆ ಎರಡು ದಿನವನ್ನು ಇದಕ್ಕೆ ಮೀಸಲಿಡಬಹುದು. ಶಿಕ್ಷಕರಾದವರು ತಂದೆತಾಯಿಗಳಿಗೆ ಲಸಿಕೆಯ ವಿಷಯವನ್ನು ಹೆದರಿಸದೆ, ಮುಚ್ಚಿಡದೆ ಹೇಳಬಹುದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದಾಂಪತ್ಯದ ಬಳಿಕ ರಕ್ತ ಕಂಡರೆ, ದುರ್ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂದು ಪ್ರತಿ ಮನೆಯಲ್ಲಿಯೂ ಹೇಳಬಹುದು. ಲಕ್ಷಣ ಇಲ್ಲದವರೂ 30 ದಾಟಿದ ಮೇಲೆ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಗಂಡಸರು ಮಾಡಬಹುದಾದ ಉಪಕಾರವೆಂದರೆ, ‘ಯಾಕೆ ಹೋಗುತ್ತೀ’ ಎನ್ನುವ ಬದಲು ‘ಬಾ, ಹೋಗೋಣ’ ಎನ್ನುವುದು.

ಆಂಡ್ರೊಮಾಖೆ ತಿಳಿದು ಕೊಟ್ಟಳು. ಹೆನ್ರಿಯೆಟ್ಟಾಳಿಂದ ಕೇಳದೆ ತೆಗೆದುಕೊಂಡರು. ಆಕ್ಲೆಂಡಿನಲ್ಲಿ, ದೆಹಲಿಯಲ್ಲಿ ಸತ್ಯವನ್ನು ಮುಚ್ಚಿಟ್ಟು ಪಡೆದರು. ಉಸ್ಮಾನಾಬಾದಿನ ತಾಯಂದಿರು ಹಳ್ಳಿಯಿಂದ ನಡೆದು ಬಂದು ಕೊಟ್ಟರು. ಇವರೆಲ್ಲರಿಂದ ಬಂದ ಅರಿವು ಈಗ ನಮ್ಮ ಕೈಯಲ್ಲಿದೆ. ಇವರ ಋಣವನ್ನು ಇವರಿಗೇ ತೀರಿಸುವುದು ಇನ್ನು ಸಾಧ್ಯವಿಲ್ಲ. ನಮ್ಮ ಮನೆಯಲ್ಲಿ, ನೆರೆಮನೆಯಲ್ಲಿ 30 ದಾಟಿದ ಒಬ್ಬ ತಾಯಿಯನ್ನು ಪರೀಕ್ಷೆಗೆ ಕರೆದೊಯ್ದಾಗ ಅದರಲ್ಲಿ ಸ್ವಲ್ಪವಾದರೂ ಸಂದಾಯವಾಗುತ್ತದೆ.